ಫ್ಯೂಸ್ ಕಿತ್ತು ನೋಡುವ ಪರೀಕ್ಷೆ

ಮನೆಗೆ ತರಿಸಿದ ಬಿಪಿ ಮಾತ್ರೆ ಇನ್ನೂ ಡಬ್ಬಿ ಸೇರಿಲ್ಲ, ಅಷ್ಟರಲ್ಲಿ ಫೋನು ಕೇಳುತ್ತದೆ: ನಮ್ಮ ಆ್ಯಪ್ ಹೇಗಿದೆ, ಎಷ್ಟು ನಕ್ಷತ್ರ ಕೊಡುತ್ತೀರಿ? ಯಾರನ್ನು ಕೇಳುತ್ತಿದ್ದೇನೆಂದು ಪಾಪ ಅದಕ್ಕೆ ಗೊತ್ತಿಲ್ಲ. ತೊಂಬತ್ತರ ದಶಕದಲ್ಲಿ ಶಿವಾಜಿನಗರದಿಂದ ಹೊಸ ತಿಪ್ಪಸಂದ್ರದವರೆಗೆ ಯಾವ ಮೆಡಿಕಲ್ ಸ್ಟೋರಿನವನೂ ನನ್ನ ಅಪ್ಪಣೆಯಿಲ್ಲದೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಂಡವನಲ್ಲ. ಹಾಗಂತ ನನಗೆ ಕಂಪ್ಯೂಟರಿನ ಗಂಧವೂ ಇರಲಿಲ್ಲ. ನಾನು ಅಂಗಡಿಗಳಿಗೆ ವೈರಿಂಗ್ ಮಾಡುತ್ತಿದ್ದವನು.

ಶುರುವಾದದ್ದು ಕೀಟಲೆಯಿಂದ. ತಿಪ್ಪಸಂದ್ರದ ಶೆಟ್ಟರ ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ ತನ್ನ ಸಾಫ್ಟ್‌ವೇರನ್ನು ಹಾಡಿ ಹೊಗಳುತ್ತಿದ್ದ. ನಾನು ಹಿಂದಿನಿಂದ ಫ್ಯೂಸ್ ಕಿತ್ತುಬಿಟ್ಟೆ. ಮತ್ತೆ ಹಾಕಿದಾಗ ಅವನ ಬಿಲ್ಲೂ ಇಲ್ಲ, ಬೆಳಗಿನ ಲೆಕ್ಕವೂ ಇಲ್ಲ. ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗುತ್ತಿದ್ದ ಕಾಲ ಅದು. ಆಮೇಲೆ ಎಲ್ಲ ಅಂಗಡಿಯವರದೂ ಒಂದೇ ಪ್ರಶ್ನೆ: "ವೈರಿಂಗ್ ಆಯಪ್ಪ ಫ್ಯೂಸ್ ಕಿತ್ ನೋಡಿದ್ನಾ?"

ಪಾಸಾದವನು ನನ್ನ ಗೆಳೆಯ ನಜೀರ್ ಒಬ್ಬನೇ. ಶಿವಾಜಿನಗರದ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ, ಬಿಸಿ ಬನ್ನಿನ ವಾಸನೆಯಲ್ಲಿ ಕೂತು ಬರೆದ ಸಾಫ್ಟ್‌ವೇರ್. ಕಪ್ಪು ಪರದೆ, ಹಸಿರು ಅಕ್ಷರ. ರೂಪ ದೇವರಿಗೇ ಪ್ರೀತಿ. ಆದರೆ ಎಷ್ಟು ಸಲ ಕಿತ್ತರೂ ಬಿಲ್ಲು ನಿಂತಲ್ಲಿಂದಲೇ ಎದ್ದು ಬರುತ್ತಿತ್ತು. ಶೆಟ್ಟರೇ ಮೊದಲು ಹಾಕಿಸಿಕೊಂಡರು.

"ಕೀಳು ಮಾಮು, ಇನ್ನೊಂದ್ಸಲ ಕೀಳು! ನಿನ್ ಕೈ ನೋಯತ್ತೆ, ಇದು ಸಾಯಲ್ಲ."

ಇಸವಿ ಎರಡು ಸಾವಿರ ದಾಟಿತು, ಅಂಗಡಿಗಳಿಗೆ ಯುಪಿಎಸ್ ಬಂತು. ಕರೆಂಟಿನ ಭಯ ಹೋದ ಮೇಲೆ ಜನಕ್ಕೆ ಬಣ್ಣ ಬೇಕಾಯಿತು. ಇಂಟರ್ನೆಟ್ಟಿನಲ್ಲಿ ಯಾರೋ ನಜೀರನ ಸಾಫ್ಟ್‌ವೇರ್ ಬಗ್ಗೆ ಬರೆದ: "ನೋಡೋಕೆ ಹಳೇದು. ಒಂದು ನಕ್ಷತ್ರ." ಅವನು ಬಳಸಿದ್ದನೋ ಇಲ್ಲವೋ, ಯಾರು ಕಂಡರು? ಶೆಟ್ಟರ ಮಗ ಅದರ ಪ್ರಿಂಟ್ ತೆಗೆದು ನಜೀರನ ಮುಂದೆ ಹಿಡಿದ.

"ಜನ ಹಿಂಗಂತಾರೆ ಅಂಕಲ್. ಕಲರ್ ಮಾಡ್ಕೊಡಿ, ಇಲ್ಲಾಂದ್ರೆ ಬೇರೇದ್ ಹಾಕ್ಕೋತೀವಿ."

ಉಳಿದಿದ್ದ ಗಿರಾಕಿಗಳೆಲ್ಲ ಶೆಟ್ಟರು ನಡೆದ ದಾರಿಯಲ್ಲೇ ನಡೆಯುವವರು. ಅವರು ಬಿಟ್ಟರೆ ನಜೀರನ ಕಥೆ ಮುಗಿದಂತೆ. ಅವಸರದಲ್ಲಿ ಬಣ್ಣದ್ದೊಂದನ್ನು ಬರೆದು ನನಗೆ ತೋರಿಸಿದ. ಮದುವೆ ಮನೆಯ ಹಾಗೆ ಝಗಮಗ. ನಾನು ಹಲ್ಲು ಕಿರಿಯುತ್ತ ಫ್ಯೂಸಿಗೆ ಕೈ ಹಾಕಿದೆ. ನಜೀರ್ ನನ್ನ ಮಣಿಕಟ್ಟು ಹಿಡಿದುಕೊಂಡ.

"ಬೇಡ ಮಾಮು. ಅದನ್ನ ಈಗ ಯಾರ್ ಕೇಳ್ತಾರೆ? ನೋಡೋಕ್ ಚೆನ್ನಾಗೈತಾ, ಅಷ್ಟ್ ಹೇಳು."

ಚೆನ್ನಾಗಿತ್ತು. ಹಾಗೆಂದೇ ಹೇಳಿದೆ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಶೆಟ್ಟರ ಅಂಗಡಿಯ ಯುಪಿಎಸ್ ಕೈಕೊಟ್ಟಿತು. ಕರೆಂಟ್ ಬಂದಾಗ ಬಣ್ಣಗಳೆಲ್ಲ ಮರಳಿದವು, ಸ್ಟಾಕಿನ ಲೆಕ್ಕ ಮಾತ್ರ ಒಂದಕ್ಷರವೂ ಉಳಿದಿರಲಿಲ್ಲ. ಓಡಿ ಬಂದ ನಜೀರನಿಗೆ ಗಿರಾಕಿಗಳ ಮುಂದೆಯೇ ಶೆಟ್ಟರು ಹೇಳಿದರು: "ನಿಮ್ ಹಳೇದೇ ಚೆನ್ನಾಗಿತ್ತಲ್ರೀ! ಯಾರ್ರೀ ಬದಲಾಯ್ಸಕ್ ಹೇಳಿದ್ದು?"

ಶೆಟ್ಟರ ಮಗ ಮಾತ್ರೆ ಎಣಿಸುತ್ತ ನಿಂತಿದ್ದ. ನಜೀರ್ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಶೆಟ್ಟರು ಬಿಟ್ಟರು, ಬೇಕರಿ ಮೇಲಿನ ಕೋಣೆಗೆ ಬೀಗ ಬಿತ್ತು. ಮುಂದಿನ ಬೇಸಿಗೆಯನ್ನು ನಜೀರ್ ನೋಡಲಿಲ್ಲ. ಖಬರಸ್ತಾನದಲ್ಲಿ ಮಣ್ಣು ಹಾಕುವಾಗ ಅವನಿಗೊಂದು ಕೊನೆಯ ಜೋಕು ಹೇಳೋಣವೆಂದು ಹುಡುಕಿದೆ. ಊರನ್ನೇ ನಗಿಸಿದ ಬಾಯಿಗೆ ಒಂದೂ ಬರಲಿಲ್ಲ.

ಫೋನು ಇನ್ನೂ ಕೇಳುತ್ತಲೇ ಇದೆ. ಎದ್ದು ಹೋಗಿ ಮನೆಯ ಫ್ಯೂಸ್ ಕಿತ್ತೆ.

"ಈ ವಯಸ್ಸಲ್ಲೂ ಏನ್ರೀ ಇದು?" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಮನೆಯೆಲ್ಲ ಕತ್ತಲು. ಮೇಜಿನ ಮೇಲೆ ಫೋನು ಮಾತ್ರ ಒಂಚೂರೂ ಅಲುಗದೆ, ಐದು ಖಾಲಿ ನಕ್ಷತ್ರಗಳನ್ನು ಬೆಳಗಿಸಿಕೊಂಡು ಕೂತಿತ್ತು.