ವತ್ಸಲಾ ಸಿಸ್ಟರ್ ಹಾಕಿದ ದೀರ್ಘ

ಹೈದರಾಬಾದಿನ ಮಣಿಕೊಂಡದ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯ ವತ್ಸಲಾ ಸಿಸ್ಟರ್ ಮನೆಯಲ್ಲಿ ಒಂದು ದೊಡ್ಡ ಚಕ್ಕುಲಿ ಡಬ್ಬಿ ಇದೆ. ಅದರಲ್ಲಿ ಚಕ್ಕುಲಿ ಕಂಡವರು ಯಾರೂ ಇಲ್ಲ. ಶನಿವಾರ ಸಂಜೆ ಪಾರ್ಟಿಗೆ ಹೊರಡುವ ಸಾಫ್ಟ್‌ವೇರ್ ಹುಡುಗರು ತಮ್ಮ ಬೈಕಿನ ಕೀಲಿಗಳನ್ನು ಅದರೊಳಗೆ ಹಾಕಿ ಕ್ಯಾಬ್ ಹತ್ತುತ್ತಾರೆ. ಭಾನುವಾರ ಬೆಳಿಗ್ಗೆ ಬಂದರೆ ಕೀಲಿಯ ಜೊತೆಗೆ ಒಂದು ತಟ್ಟೆ ಉಪ್ಪಿಟ್ಟು, ಉಪ್ಪಿಟ್ಟಿನ ಜೊತೆಗೆ ಹೊಟ್ಟೆ ತುಂಬುವಷ್ಟು ಬೈಗುಳ. ಎದುರು ಮನೆಯ ನಾಲ್ಕು ವರ್ಷದ ಕೃಪಾ ಒಮ್ಮೆ ಚಕ್ಕುಲಿಯ ಆಸೆಗೆ ಮುಚ್ಚಳ ತೆಗೆದವಳು ಹನ್ನೊಂದು ಕೀಲಿಗೊಂಚಲು ನೋಡಿ ಇಡೀ ಮಹಡಿಗೆ ಕೇಳುವಂತೆ ಅತ್ತಿದ್ದಳು.

“ಕುಡೀಬ್ಯಾಡ ಅಂದ್ರ ನೀ ಕೇಳೂದಿಲ್ಲ. ಕೀಲಿ ಕೊಡು ಅಂದ್ರ ಕೊಡ್ತಿ,” ಎಂದು ಸಿಸ್ಟರ್ ತರುಣ ಎಂಬ ಮೈಸೂರಿನ ಹುಡುಗನಿಗೆ ಹೇಳಿದ್ದರು. “ನೀ ಕೇಳೂವಂಥಾ ಮಾತಷ್ಟ ನಾ ಹೇಳಾಕಿ.”

ವತ್ಸಲಾ ಬಾಗಲಕೋಟೆಯವರು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದರು. ತೋಳು ಸಡಿಲ ಬಿಡಿ ಎಂದು ತೆಲುಗಿನಲ್ಲಿ ಹೇಳುತ್ತಿದ್ದರು, ಸಮಾಧಾನ ಮಾಡುವುದು ಹಿಂದಿಯಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲೇ. ಬೇರೆ ಭಾಷೆಯಲ್ಲಿ ಬೈದರೆ ತಮಗೇ ತೃಪ್ತಿಯಾಗುತ್ತಿರಲಿಲ್ಲವಂತೆ. ಇಷ್ಟು ನಗಿಸುವ ಹೆಂಗಸು ಒಂದು ವಿಷಯಕ್ಕೆ ಮಾತ್ರ ನಗುವುದಿಲ್ಲ. ಹದಿನೈದು ವರ್ಷಗಳ ಹಿಂದೆ ಒಬ್ಬ ಹುಡುಗನನ್ನು ಅವನ ಗೆಳೆಯರು ಆಸ್ಪತ್ರೆಗೆ ತಂದರು. ಏನೋ ತೆಗೆದುಕೊಂಡು ಎಚ್ಚರ ತಪ್ಪಿದ್ದ. ಪೊಲೀಸರು ಹಿಡಿದಾರು, ಅಪ್ಪನಿಗೆ ಗೊತ್ತಾದೀತು ಎಂದು ಹೆದರಿ ಗೆಳೆಯರು ಅವನನ್ನು ಕಾರಿನಲ್ಲಿಟ್ಟುಕೊಂಡು ಒಂದೂವರೆ ಗಂಟೆ ಊರು ಸುತ್ತಿದ್ದರು. ಹುಡುಗ ಉಳಿಯಲಿಲ್ಲ. ಸಿಸ್ಟರ್‌ಗೆ ಸಿಟ್ಟು ಬಂದದ್ದು ಸತ್ತವನ ಮೇಲಲ್ಲ, ಗೆಳೆಯರ ಮೇಲೂ ಅಲ್ಲ, ಅವರಿಗೆ ಬರೀ ಹೆದರಿಕೆ ಕಲಿಸಿ ಕಳಿಸಿದವರ ಮೇಲೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೀಗಿರುವಾಗ ಕನ್ನಡ ಸಂಘದವರು ಅಮೀರ್‌ಪೇಟಿನ ಕೋಚಿಂಗ್ ಸೆಂಟರೊಂದರ ಹಾಲ್ ಹಿಡಿದು, ಭಾನುವಾರ ಬೆಳಿಗ್ಗೆ ಮಾದಕ ವಸ್ತು ವಿರೋಧಿ ಸಭೆ ಇಟ್ಟುಕೊಂಡರು. ಸಂಘದ ಅಧ್ಯಕ್ಷರು ಹನುಮಂತರಾಯರು. ಅದೇ ಕಾರ್ಖಾನೆಯ ಭದ್ರತಾ ವಿಭಾಗದಲ್ಲಿದ್ದು ನಿವೃತ್ತರಾದವರು, ವಿಜಯಪುರದ ಕಡೆಯವರು. ಮನೆಯಲ್ಲಿ ಅವರದು ಅಪ್ಪಟ ಜವಾರಿ ಮಾತು. ಮೈಕು ಕಂಡರೆ ಮಾತ್ರ ಹಳಗನ್ನಡ ಮೈಮೇಲೆ ಬರುತ್ತದೆ. ವ್ಯಾಕರಣ ತಪ್ಪಿದರೆ ಮದುವೆ ಕರೆಯೋಲೆಯನ್ನೂ ತಿದ್ದಿ ವಾಪಸ್ಸು ಕೊಡುವ ಮನುಷ್ಯ.

“ನನಗ ಐದು ನಿಮಿಷ ಕೊಡ್ರಿ ರಾಯರ,” ಎಂದು ಸಿಸ್ಟರ್ ಕೇಳಿದರು. “ಗೆಳೆಯಾ ಎಚ್ಚರ ತಪ್ಪಿ ಬಿದ್ರ ಮಗ್ಗಲಿಗೆ ಹೊರಳಿಸಿ ಮಲಗಸ್ರಿ. ಹೆದರಲಾರದ ೧೦೮ಕ್ಕ ಫೋನ್ ಮಾಡ್ರಿ. ಏನು ತೊಗೊಂಡಾನ ಅಂತ ಡಾಕ್ಟರಿಗೆ ಖರೇ ಹೇಳ್ರಿ. ಇಷ್ಟ ಹೇಳ್ತೀನಿ.”

“ಅದು ಬೀಳೂದು ಹೆಂಗ ಅಂತ ಕಲಿಸಿದಂಗ ಆಕ್ಕೈತಿ ಸಿಸ್ಟರ್. ಮುಟ್ಟಬ್ಯಾಡ ಅಂದ್ರ ಮುಗೀತು. ಮುಟ್ಟಲಿಲ್ಲಂದ್ರ ಬೀಳೂದ ಇಲ್ಲ.”

“ಮತ್ತ ಮುಟ್ಟಿದವ್ರು?”

“ಅವರು ಸಭಾಕ್ಕ ಬರೂದಿಲ್ರಿ,” ಎಂದು ರಾಯರು ಮಾತು ಮುಗಿಸಿದರು.

ಐದು ನಿಮಿಷ ಸಿಗಲಿಲ್ಲ, ಬದಲಿಗೆ ಕೆಲಸ ಸಿಕ್ಕಿತು. ಸಭೆಯಲ್ಲಿ ಎಲ್ಲರೂ ಮಾಡಬೇಕಾದ ಪ್ರತಿಜ್ಞೆಯನ್ನು ರಾಯರು ಫೋನಿನಲ್ಲಿ ಹೇಳುವುದು, ಸಿಸ್ಟರ್ ಅದನ್ನು ಮೊಬೈಲಿನಲ್ಲಿ ಬರೆದು ಪ್ರೆಸ್ಸಿನ ಶ್ರೀನಿವಾಸನಿಗೆ ಕಳಿಸುವುದು. ಶ್ರೀನಿವಾಸ ತೆಲುಗಿನವನು, ಬಂದದ್ದನ್ನು ಬಂದಂತೆ ಅಚ್ಚು ಹಾಕುವವನು. ರಾಯರು ಹೇಳಿದ ಪದ ‘ಮುಟ್ಟೆನು’. ಎಂದರೆ ಮುಟ್ಟುವುದಿಲ್ಲ. ಇಂಥ ಪದ ಪುಸ್ತಕದಲ್ಲಿರುತ್ತದೆಯೇ ಹೊರತು ಬಾಗಲಕೋಟೆಯಲ್ಲಿ ಯಾರ ಬಾಯಲ್ಲಿ ಇರುತ್ತದೆ? ಅಲ್ಲಿ ಬಾಯಲ್ಲಿರುವುದು ‘ಮುಟ್ಟೇನು’. ಎಂದರೆ, ಮುಟ್ಟಿದರೂ ಮುಟ್ಟಬಹುದು, ಯಾರಿಗೆ ಗೊತ್ತು. ಸಿಸ್ಟರ್ ಬೆರಳು ಬಾಯಿಯ ಮಾತು ಕೇಳಿತು. ಒಂದು ದೀರ್ಘ ಬಿತ್ತು. ಇನ್ನೂರು ಕಾರ್ಡು ಅಚ್ಚಾದವು.

ಭಾನುವಾರ ಹಾಲ್ ತುಂಬಿತ್ತು. ಬೆಂಗಳೂರು, ಮೈಸೂರು, ಮಂಗಳೂರಿನ ಎಂಬತ್ತು ಹುಡುಗ ಹುಡುಗಿಯರು ಕಾರ್ಡು ಹಿಡಿದು ಬಲಗೈ ಮುಂದೆ ಚಾಚಿ ನಿಂತರು. ರಾಯರು ಬಿಳಿ ಜುಬ್ಬಾ ತೊಟ್ಟು ಮೈಕಿನ ಮುಂದೆ ಬಂದರು. ಅವರ ಕೈಯಲ್ಲಿದ್ದ ಕಾರ್ಡು ಫ್ಯಾನ್ ಗಾಳಿಗೆ ಅಲುಗುತ್ತಿದೆ ಎಂದು ಎಲ್ಲರೂ ತಿಳಿದರು. ಫ್ಯಾನು ನಿಂತಿದ್ದನ್ನು ಸಿಸ್ಟರ್ ಒಬ್ಬರೇ ನೋಡಿದರು.

“ನಾನು ಗಾಂಜಾ ಮುಟ್ಟೇನು,” ಎಂದಿತು ಸಭೆ ಒಕ್ಕೊರಲಿನಿಂದ. “ಬಿಳಿಪುಡಿ ಮುಟ್ಟೇನು. ನಶೆಯ ಗುಳಿಗೆ ಮುಟ್ಟೇನು.”

ನಾಲ್ಕನೇ ಸಾಲಿನಲ್ಲಿ ತರುಣ ಪಕ್ಕದವನಿಗೆ, “ಇದು ಮುಟ್ಟಬಹುದು ಅಂತಲ್ವೇನೋ?” ಎಂದ. ಅಲ್ಲಿಂದ ಹೊರಟ ನಗು ಸಾಲು ಸಾಲು ದಾಟಿ ವೇದಿಕೆಯವರೆಗೆ ಬಂತು. ಹೇಳುವುದು ನಿಲ್ಲಿಸುವಂತಿಲ್ಲ, ಕೈ ಚಾಚಿದ್ದಾರೆ. ನಗದೆ ಇರುವಂತಿಲ್ಲ, ಎಂಬತ್ತು ಜನ ಸೇರಿ ಗಾಂಜಾ ಸೇದಿದರೂ ಸೇದಿಯೇವು ಎಂದು ಆಣೆ ಮಾಡುತ್ತಿದ್ದಾರೆ. ಒಬ್ಬಳು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಸಿಸ್ಟರ್ ಕಾರ್ಡು ನೋಡಿ ತಮ್ಮದೇ ದೀರ್ಘವನ್ನು ಗುರುತು ಹಿಡಿದು ಸೆರಗು ಬಾಯಿಗೆ ತುರುಕಿಕೊಂಡರು. ರಾಯರೊಬ್ಬರು ಮಾತ್ರ ಏನೂ ಗೊತ್ತಿಲ್ಲದೆ, ತಮ್ಮ ವೇದಿಕೆಯ ದನಿಯಲ್ಲಿ ರಾಗ ಎಳೆದು ಮುಗಿಸಿದರು. “ಮುಟ್ಟೇ...ನು.” ಮುಗಿಸಿದವರೇ ಕುರ್ಚಿಗೆ ಕುಸಿದರು.

ಸಿಸ್ಟರ್ ನಗು ಅಲ್ಲಿಗೆ ನಿಂತಿತು. ರಾಯರ ಹಣೆ ತುಂಬ ಬೆವರು, ಎರಡು ಕೈಯೂ ಗಡಗಡ. ಅವರು ರಾಯರ ತೋಳು ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

“ಏನು ತೊಗೋತಿದ್ರಿ, ಯಾವಾಗ ಬಿಟ್ರಿ?”

ರಾಯರು ನೆಲ ನೋಡಿದರು. “ನಿದ್ದಿ ಗುಳಿಗಿರಿ. ಉಷಾ ಹೋದ ಮ್ಯಾಲ ಹದಿನೈದು ದಿನಕ್ಕಂತ ಬರದು ಕೊಟ್ಟಿದ್ರು. ಆರು ವರ್ಷ ಆತು, ಅಲ್ಲಿ ಇಲ್ಲಿ ತೊಗೊಂಡು ನುಂಗಾಕತ್ತೀನಿ. ಪ್ರತಿಜ್ಞಾ ಮಾಡಸಾಂವ ನಾನ ನುಂಗಿದ್ರ ಹೆಂಗ? ಬುಧವಾರ ಬಿಟ್ಟೆ. ಅವತ್ತಿಂದ ಕಣ್ಣು ಮುಚ್ಚಿಲ್ಲ.”

ಉಷಾ ರಾಯರ ಹೆಂಡತಿ. ಆಕೆ ತೀರಿಕೊಂಡ ವಾರ ಅಡುಗೆ ಮಾಡಿ ಕೊಟ್ಟು ಬಂದಿದ್ದು ಬಿಟ್ಟರೆ ತಾನು ಮತ್ತೆ ಈ ಮನುಷ್ಯನನ್ನು ಹೇಗಿದ್ದೀರಿ ಎಂದು ಕೇಳಿರಲಿಲ್ಲವಲ್ಲ ಎಂದು ಸಿಸ್ಟರ್‌ಗೆ ನಾಚಿಕೆಯಾಯಿತು. ಆದರೆ ನಾಚಿಕೆಗೆ ಪುರಸೊತ್ತಿರಲಿಲ್ಲ. ವರ್ಷಗಟ್ಟಲೆ ನುಂಗಿದ ಆ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಅವರು ಹಳೆಯ ಪರಿಚಯದ ಡಾಕ್ಟರ್ ಪ್ರಿಯಂವದಾಗೆ ಫೋನ್ ಮಾಡಿದರು. ದಿನ ತೆಗೆದುಕೊಳ್ಳುತ್ತಿದ್ದಷ್ಟು ಈಗಲೇ ಕೊಟ್ಟು ಕರೆತನ್ನಿ, ಆಮೇಲೆ ನನ್ನ ಕಣ್ಣೆದುರು ಸ್ವಲ್ಪ ಸ್ವಲ್ಪವಾಗಿ ಇಳಿಸೋಣ ಎಂದರು ಡಾಕ್ಟರ್. ಗುಳಿಗೆಯ ಸ್ಟ್ರಿಪ್ ರಾಯರ ಜುಬ್ಬಾದ ಜೇಬಿನಲ್ಲೇ ಇತ್ತು. ಅವರು ಕೈ ಹಾಕಲಿಲ್ಲ.

“ಎಂಬತ್ತು ಮಂದಿ ಮುಂದ ಆಣಿ ಮಾಡೀನಿ ಸಿಸ್ಟರ್. ಜೀವಾ ಹ್ವಾದ್ರೂ ಮಾತು ತಪ್ಪಾಂವಲ್ಲ.”

“ಏನಂತ ಆಣಿ ಮಾಡೀರಿ?”

“ಮುಟ್ಟೆನು ಅಂತ.”

ಸಿಸ್ಟರ್ ಬಾಗಿಲು ತೆರೆದು ಪೂರ್ವಿಯನ್ನು ಕರೆದರು. ಸಭೆಯನ್ನೆಲ್ಲ ಫೋನಿನಲ್ಲಿ ಹಿಡಿದಿದ್ದ ಹುಡುಗಿ ಅವಳು. ವಿಡಿಯೊ ಹಾಕಿಸಿದರು. ಫೋನಿನೊಳಗಿಂದ ರಾಯರದೇ ದನಿ, ರಾಗವಾಗಿ, ಸ್ಪಷ್ಟವಾಗಿ ಬಂತು. ನಶೆಯ ಗುಳಿಗೆ ಮುಟ್ಟೇ...ನು. ಸಿಸ್ಟರ್ ಕಾರ್ಡನ್ನೂ ಮುಂದೆ ಹಿಡಿದರು.

“ತಪ್ಪು ನಂದು, ದೀರ್ಘ ನಾ ಹಾಕೀನಿ. ಆದ್ರ ಬಾಯಿ ನಿಮ್ದು. ವ್ಯಾಕರಣ ನೀವ ಹೇಳ್ರಿ, ಇದರ ಅರ್ಥ ಏನು?”

ರಾಯರು ಕಾರ್ಡನ್ನು ಕಣ್ಣ ಹತ್ತಿರ ತಂದರು. ಮತ್ತೊಮ್ಮೆ ವಿಡಿಯೊ ಹಾಕಿಸಿ ಕೇಳಿದರು. “ಸಂಭಾವನಾರ್ಥಕ,” ಎಂದರು ಮೆಲ್ಲಗೆ. “ಮುಟ್ಟಿದರೂ ಮುಟ್ಟಿಯೇನು.”

“ಹಂಗಾದ್ರ ಮಾತು ಉಳಿಸಿಕೋರಿ. ಮುಟ್ರಿ.”

ರಾಯರಿಗೆ ನಗು ಬಂತು. ಮೊದಲು ಮೀಸೆಯಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಆಮೇಲೆ ನಡುಗುವ ಕೈ ಯಾವುದು, ನಗುವ ಮೈ ಯಾವುದು ಗೊತ್ತಾಗದಂತೆ. ಪೂರ್ವಿ ಹಿಡಿದ ಲೋಟದಿಂದ ಅರ್ಧ ನೀರು ಜುಬ್ಬಾಕ್ಕೆ ಚೆಲ್ಲಿ, ಉಳಿದ ಅರ್ಧದಲ್ಲಿ ಗುಳಿಗೆ ಇಳಿಯಿತು.

ಕ್ಯಾಬ್ ಬರಲು ಹತ್ತು ನಿಮಿಷವಿತ್ತು. ಇಲ್ಲೇ ಕೂತಿರಿ ಎಂದರೂ ಕೇಳದೆ ರಾಯರು ಸಿಸ್ಟರ್ ಭುಜ ಹಿಡಿದುಕೊಂಡು ಮೈಕಿನ ಮುಂದೆ ಹೋದರು. ಆವತ್ತು ಹಳಗನ್ನಡ ಮೈಮೇಲೆ ಬರಲಿಲ್ಲ.

“ಮುಟ್ಟಿದವ್ರು ಸಭಾಕ್ಕ ಬರೂದಿಲ್ಲ ಅಂತ ಸಿಸ್ಟರ್‌ಗೆ ಹೇಳಿದ್ದೆ,” ಎಂದರು. “ಬಂದೀನಿ ನೋಡ್ರಿ. ಅಧ್ಯಕ್ಷ ಆಗಿ ಬಂದೀನಿ. ಇನ್ನ ಅವರು ಹೇಳೂದು ಕೇಳ್ರಿ.”

ಸಿಸ್ಟರ್ ತಮ್ಮ ಐದು ನಿಮಿಷದ ಮಾತನ್ನು ನಾಲ್ಕೇ ನಿಮಿಷದಲ್ಲಿ ಹೇಳಿದರು. ತರುಣನನ್ನು ಮೇಜಿನ ಮೇಲೆ ಮಲಗಿಸಿ ಮಗ್ಗಲಿಗೆ ಹೊರಳಿಸಿ ತೋರಿಸಿದರು. ಎಲ್ಲರೂ ಕಾರ್ಡಿನ ಹಿಂದೆ ಅವರ ನಂಬರ್ ಬರೆದುಕೊಂಡರು.

ಹತ್ತು ತಿಂಗಳು ಹಿಡಿಯಿತು. ಗುಳಿಗೆ ಮುಕ್ಕಾಲಾಯಿತು, ಅರೆಯಾಯಿತು, ನಡುವೆ ಒಮ್ಮೆ ಮತ್ತೆ ಮುಕ್ಕಾಲಿಗೆ ಹೋಯಿತು, ಕಾಲಾಯಿತು, ಕೊನೆಗೆ ನಿಂತಿತು. ಒಂದು ಭಾನುವಾರ ಬೆಳಿಗ್ಗೆ, ಹುಡುಗರೆಲ್ಲ ಕೀಲಿಗಾಗಿ ಸಾಲು ನಿಂತು ಬೈಸಿಕೊಳ್ಳುತ್ತಿದ್ದಾಗ, ರಾಯರು ಆ ಸಾಲಿನ ಕೊನೆಯಲ್ಲಿ ಬಂದು ನಿಂತರು. ಅವರ ಸರದಿ ಬಂದಾಗ ಜೇಬಿನಿಂದ ಹಳೆಯ ಕಾರ್ಡು ತೆಗೆದು ಕೊಟ್ಟರು. ಗುಳಿಗೆಯ ಸಾಲಿನಲ್ಲಿದ್ದ ದೀರ್ಘವನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದರು.

“ಗುಳಿಗಿ ಪೂರ್ತಿ ಬಿಟ್ಟು ನಿನ್ನೆಗೆ ಒಂದು ತಿಂಗಳಾತ್ರಿ ಸಿಸ್ಟರ್,” ಎಂದರು. “ಈಗ ವ್ಯಾಕರಣ ಸರಿ ಆತು.”

ವತ್ಸಲಾ ಸಿಸ್ಟರ್ ಕಾರ್ಡನ್ನು ನೋಡಿದರು. ಕಣ್ಣು ತುಂಬಿ ಬಂತು, ಅಕ್ಷರ ಕಾಣಲಿಲ್ಲ. ಅದನ್ನು ತಿರುಗಿಸಿ, ಹಿಂದೆ ಮಾಸಿಹೋಗಿದ್ದ ತಮ್ಮ ನಂಬರನ್ನು ಪೆನ್ನಿನಿಂದ ಮತ್ತೆ ದಪ್ಪಗೆ ಬರೆದು ರಾಯರ ಜೇಬಿಗೆ ಹಾಕಿದರು. ಆಮೇಲೆ ಅವರಿಗೂ ಒಂದು ತಟ್ಟೆ ಉಪ್ಪಿಟ್ಟು ಬಡಿಸಿದರು.