ಪಿಸುಮಾತಿನಲ್ಲಿ ಕ್ಯಾಪ್ಟನ್‌ಗೆ ವಿದಾಯ

"ಕ್ಯಾಪ್ಟನ್ ಮುಖ ಈಗ ಎಂಗೈತೆ, ಒಸಿ ಹೇಳವ್ವ," ಎಂದು ಪಕ್ಕದ ಸೀಟಿನ ಹಿರಿಯರು ಕೇಳಿದಾಗಲೇ ಅವರ ಮಡಿಲಲ್ಲಿದ್ದ ಬಿಳಿ ಕೋಲು ನನ್ನ ಕಣ್ಣಿಗೆ ಬಿದ್ದದ್ದು. ರಾಮನಗರದ ಚಿತ್ರಮಂದಿರದಲ್ಲಿ ಅಂತರಿಕ್ಷದ ಸಿನಿಮಾ ಸರಣಿಯೊಂದರ ಹೊಸ ಭಾಗ ಓಡುತ್ತಿತ್ತು. ನೌಕೆಯ ಕ್ಯಾಪ್ಟನ್ ಸೇರಿದಂತೆ ಮೊದಲಿನಿಂದ ಇದ್ದ ನಟರಿಗೆ ಇದೇ ಕೊನೆಯದು. ದೃಷ್ಟಿ ಹೋಗುವ ಮುಂಚೆ ಹಿಂದಿನ ಭಾಗಗಳನ್ನೆಲ್ಲ ನೋಡಿದ್ದ ಅವರು ವಿರೂಪಾಕ್ಷಿಪುರದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು.

"ಕೂದಲೆಲ್ಲ ಬೆಳ್ಳಗಾಗಿದೆ, ಕೆನ್ನೆ ಇಳಿದಿದೆ," ಎಂದೆ. ಆಮೇಲೆ ತೆರೆಯ ಮೇಲಿನದನ್ನೆಲ್ಲ ಅವರ ಕಿವಿಯಲ್ಲಿ ಹೇಳುತ್ತಾ ಹೋದೆ. ಹಿಂದಿನ ಸಾಲಿನಲ್ಲಿ ಯಾರೋ ರೇಗಿದರು. ಹಿರಿಯರು ತಿರುಗಿ, "ನಾನು ಕಾಣ್ದೆ ಕೇಳ್ತಾ ಇವ್ನಿ. ನೀನು ಒಸಿ ಕೇಳ್ದೆ ನೋಡಪ್ಪ," ಎಂದರು.

ಕ್ಯಾಪ್ಟನ್ ತನ್ನ ನೌಕೆಯನ್ನು ಕಿರಿಯಳೊಬ್ಬಳಿಗೆ ಒಪ್ಪಿಸಿ ಹೊರಟಾಗ ನಾನು ಹೇಳುವುದನ್ನು ಬಿಟ್ಟು ಅಳತೊಡಗಿದೆ. ಅವರು ನನ್ನ ಕೈ ಅದುಮಿ, "ನಿಲ್ಲಿಸ್ಬ್ಯಾಡ. ಅವ್ನು ಬಾಗ್ಲು ದಾಟೋ ಗಂಟ ಹೇಳು," ಎಂದರು. ಕಣ್ಣೊರೆಸಿಕೊಂಡು ಕೊನೆಯವರೆಗೂ ಹೇಳಿದೆ.

ಹೊಸ ನಟರ ಮುಂದಿನ ಭಾಗಕ್ಕೂ ಮೊದಲ ದಿನವೇ ಬರುತ್ತೇನೆಂದು ಹೇಳಿ ಅವರು ಬಸ್ಸು ಹತ್ತಿದರು. ಹೆಸರು ಕೇಳುವುದನ್ನೇ ನಾನು ಮರೆತಿದ್ದೆ. ಪರವಾಗಿಲ್ಲ, ಆ ದಿನ ಟಿಕೆಟ್ ಕೌಂಟರಿನ ಬಳಿ ಅವರಿಗಾಗಿ ಕಾಯುತ್ತಿರುತ್ತೇನೆ.