ಮೈಮೇಲಿನದು, ಮೈಯೊಳಗಿನದು

ಮೊದಲು ಕಂಡವಳು ನಾನೇ. ಒಗೆಯಲು ಹಾಕಿದ್ದ ಯಜಮಾನರ ಪಂಚೆಯ ಮೇಲೆ ಕೆಂಪು ಕಲೆ. ಎಲೆಅಡಿಕೆಯದು ಅಂದರು. ಎಲೆಅಡಿಕೆ ಅಲ್ಲಿಗೆ ಹೇಗೆ ಬಂತು ಅಂದೆ. ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದು ಆಗ ಒಪ್ಪಿಕೊಂಡರು.

ಪ್ರೋಸ್ಟೇಟ್ ಕ್ಯಾನ್ಸರ್.

ಆಪರೇಷನ್ ಬೇಡ, ರೇಡಿಯೇಷನ್ ಸಾಕು ಎಂದರು ದಾವಣಗೆರೆಯ ಡಾಕ್ಟರು. ಹರಿಹರದಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದು, ಅದೇ ಸಮಾಧಾನ. ಕಿರಣ ಎಲ್ಲಿಗೆ ಹಾಯಿಸಬೇಕೆಂದು ಗುರುತಿಸುವ ಪ್ಲಾನಿಂಗ್ ಸ್ಕ್ಯಾನ್ ದಿನ ಟೆಕ್ನಿಷಿಯನ್, "ಮೈಮೇಲೆ ಏನೇನು ಲೋಹ ಐತೋ ಎಲ್ಲಾ ತೆಗೀರಿ" ಅಂದ. ಇವರು ಬೆಳ್ಳಿ ಉಡಿದಾರ ಬಿಚ್ಚಿ ನನ್ನ ಕೈಗಿಟ್ಟರು. ನಮ್ಮಲ್ಲಿ ಗಂಡಸಿನ ಸೊಂಟದಿಂದ ಉಡಿದಾರ ತೆಗೆಯುವುದು ಉಸಿರು ನಿಂತ ಮೇಲೆ.

"ಇನ್ನೇನಾದ್ರೂ ಐತಾ?"

"ಏನಿಲ್ಲಪ್ಪ."

ಸ್ವಲ್ಪ ಹೊತ್ತಿಗೆ ಡಾಕ್ಟರು ನನ್ನನ್ನೂ ಒಳಗೆ ಕರೆದರು. ಕಂಪ್ಯೂಟರಿನಲ್ಲಿ ಬಲ ಚಪ್ಪೆಯಿಂದ, ಸೊಂಟದ ಕೀಲಿನಿಂದ, ಬಿಳಿ ಗೆರೆಗಳು ಚೆಲ್ಲಿ ಚಿತ್ರವೇ ಕೆಟ್ಟಿತ್ತು. ಆರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದಾಗ ಮಾಡಿಸಿದ ಹಿಪ್ ರಿಪ್ಲೇಸ್‌ಮೆಂಟ್, ಅಲ್ಲಿ ಕೂರಿಸಿದ್ದ ಲೋಹದ ಕೀಲು.

"ಯಾಕ ಹೇಳ್ಲಿಲ್ಲ ಯಜಮಾನ್ರೆ?" ಎಂದರು ಡಾಕ್ಟರು.

"ಮೈಮೇಲಿಂದು ಕೇಳಿದ್ರು. ಇದು ಮೈಯೊಳಗೈತಲ್ರಿ."

ಡಾಕ್ಟರು ನಕ್ಕುಬಿಟ್ಟರು. ನನಗೆ ಸಿಟ್ಟು ಬಂತು. ಜೊತೆಗಿದ್ದೂ ನಾನು ಮರೆತಿದ್ದೆನಲ್ಲ ಎಂಬ ಸಿಟ್ಟು. ಹೊರಗೆ ಬೆಂಚಿನ ಮೇಲೆ ಕೂತಾಗ ಇವರು ಮೆಲ್ಲಗೆ ಬಾಯಿಬಿಟ್ಟರು.

"ನೆನಪಿತ್ತು ಗಿರಿಜಾ. ಹೇಳಿದ್ರೆ ತೆಗೆದುಬಿಡ್ತಾರೇನೋ ಅಂತ ಅಂಜಿದೆ. ಮತ್ತೆ ನಿನ್ ಕೈಲಿ ಎತ್ತಿಸ್ಕಂಡು ಬಚ್ಚಲಿಗೆ ಹೋಗೋದು ಬ್ಯಾಡಾಗಿತ್ತು."

ಬೈಯಬೇಕೆಂದಿದ್ದೆ. ಕೈ ಹಿಡಿದುಕೊಂಡೆ.

ಯಾರೂ ತೆಗೆಯಲಿಲ್ಲ. ಹಳೆ ಆಪರೇಷನ್ ಫೈಲು ತರಿಸಿಕೊಂಡರು, ಇನ್ನೊಂದು ಸ್ಕ್ಯಾನ್ ಮಾಡಿದರು, ಕಿರಣಗಳು ಆ ಲೋಹವನ್ನು ತಪ್ಪಿಸಿ ಬೇರೆ ದಿಕ್ಕಿನಿಂದ ಹಾಯುವಂತೆ ಪ್ಲಾನ್ ಮಾಡಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಚಿಕಿತ್ಸೆ ಆಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಅನ್ನಕ್ಕಿಟ್ಟು ಇಳಿಸಿದೆ.

ಆಮೇಲೆ ದಿನಾ ಬಸ್ಸು. ಕಿರಣ ಕೊಡುವಾಗ ಮೂತ್ರಕೋಶ ತುಂಬಿರಬೇಕೆಂದು ದಿನಾ ನೀರು ಕುಡಿದು, ಮೂತ್ರ ತಡೆದುಕೊಂಡು ಕೂರುವುದು. ಉರಿ, ಭೇದಿ, ಸುಸ್ತು. ಒಳಗೆ ಹೋಗುವಾಗ ಉಡಿದಾರ ನನ್ನ ಮುಷ್ಟಿಗೆ, ಹೊರಬಂದ ತಕ್ಷಣ ಪರದೆಯ ಹಿಂದೆ ಅವರ ಸೊಂಟಕ್ಕೆ. ಅದಿಲ್ಲದೆ ಬಸ್ ಹತ್ತಲು ನಾನು ಬಿಟ್ಟವಳಲ್ಲ.

ಕೊನೆಯ ದಿನ ಹಾಕುವಾಗ ಅದು ಜಾರಿತು. ಅಷ್ಟು ಇಳಿದುಹೋಗಿದ್ದರು. ನನ್ನ ಕಣ್ಣು ನೋಡಿ ಇವರೇ ಅಂದರು, "ಬಲಗಡೆ ಚಪ್ಪೆ ಗಟ್ಟಿ ಐತೆ, ತಡೀತೈತೆ ಬಿಡು."

ಬಸ್ಸಿನ ಮೆಟ್ಟಿಲು ತಾವೇ ಹತ್ತಿದರು.

ರೋಗ ಇಳಿದಿದೆಯೋ ಎಂದು ನೋಡಲು ಮೂರು ತಿಂಗಳಿಗೆ ರಕ್ತಪರೀಕ್ಷೆ ಇದೆ. ಏನು ಬರುತ್ತದೋ ಗೊತ್ತಿಲ್ಲ. ರಕ್ತ ಕೊಡಲು ಉಡಿದಾರ ಬಿಚ್ಚಬೇಕಿಲ್ಲ ಎಂಬುದನ್ನಷ್ಟೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.